ಲಿಫ್ಟ್ ಬಾಗಿಲು ತೆರೆದರೆ ನೆಲಕ್ಕೆ ಅಂಟಿಕೊಳ್ಳುವ ನಾಯಿ: ಇವಳಿಗೆ ಧೈರ್ಯ ತುಂಬುವುದು ಹೇಗೆ?

ಬನಶಂಕರಿ ಮೂರನೇ ಮಹಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಒಂದು ಹೆಣ್ಣು ನಾಯಿ ಬಂದಿದೆ. ಬೀದಿಯಲ್ಲಿ ಬೆಳೆದದ್ದು. ಮುಂಗಾಲಿಗೆ ಗಾಡಿ ತಾಗಿ, ನಾಯಿಗಳ ಆಶ್ರಯಧಾಮವೊಂದರಲ್ಲಿ ಇತ್ತು. ವಯಸ್ಸು ಎರಡು ವರ್ಷದ ಹತ್ತಿರ ಇರಬಹುದು ಅಂದರು. ಸಂತಾನಹರಣ ಆಪರೇಷನ್ ಆಗಿದೆ, ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದಾರೆ. ಬಣ್ಣ ನೋಡಿ ಕೆಂಚಿ ಅಂತ ಕರೆಯುತ್ತಿದ್ದೇವೆ.

ಕೆಂಚಿಯಿಂದ ಯಾರಿಗೂ ತೊಂದರೆ ಇಲ್ಲ. ಬೊಗಳುವುದೂ ಇಲ್ಲ. ನನಗೆ ಚಿಂತೆ ಆಗಿರುವುದೇ ಅದರಿಂದ. ಹಗಲೆಲ್ಲ ಮಂಚದ ಕೆಳಗೆ, ಗೋಡೆಗೆ ಬೆನ್ನು ಒತ್ತಿಕೊಂಡು ಮಲಗಿರುತ್ತಾಳೆ. ಕುಕ್ಕರ್ ಕೂಗಿದರೆ ಮೈಯೆಲ್ಲ ನಡುಗುತ್ತದೆ. ತಟ್ಟೆಗೆ ಹಾಕಿದ ಊಟವನ್ನು ಎಲ್ಲರೂ ಮಲಗಿದ ಮೇಲೆ ಬಂದು ತಿನ್ನುತ್ತಾಳೆ. ಈಗೀಗ ನನ್ನ ಕೈಯಿಂದ ಒಂದೆರಡು ತುಂಡು ತಿನ್ನುತ್ತಿದ್ದಾಳೆ. ನಮ್ಮ ಯಜಮಾನರು ಒಂದು ದಿನವೂ ಗದರಿದವರಲ್ಲ, ಆದರೂ ಅವರು ಕೋಣೆಗೆ ಬಂದರೆ ಬಾಲ ಕಾಲಸಂದಿಗೆ ಹೋಗಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ಕಷ್ಟ ಲಿಫ್ಟ್. ಬಾಗಿಲು ತೆರೆದ ಕೂಡಲೇ ನಾಲ್ಕು ಕಾಲೂ ಮಡಚಿ ನೆಲಕ್ಕೆ ಅಂಟಿಕೊಳ್ಳುತ್ತಾಳೆ. ಮೆಟ್ಟಿಲು ಹತ್ತುತ್ತಾಳೆ, ಇಳಿಯುವುದಕ್ಕೆ ಮಾತ್ರ ಒಪ್ಪುವುದಿಲ್ಲ. 18 ಕಿಲೋ ಇದ್ದಾಳೆ, ದಿನಕ್ಕೆ ಮೂರು ಸಲ ಎತ್ತಿಕೊಂಡು ಇಳಿಯುವುದು ಆಗುತ್ತಿಲ್ಲ. "ಎಳೆದುಕೊಂಡು ಹೋಗು, ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತದೆ" ಅಂತ ಅತ್ತೆ ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಗಣೇಶನ ಹಬ್ಬ ಬೇರೆ ಹತ್ತಿರ ಬಂತು. ನಮ್ಮ ರಸ್ತೆಯಲ್ಲಿ ತಮಟೆ, ಪಟಾಕಿ ಎಲ್ಲ ಜೋರು. ಗೊತ್ತಿದ್ದವರು ದಯವಿಟ್ಟು ಹೇಳಿ.

ಕೆಂಗೇರಿ ಅಕ್ಕ

ಎಳೆಯಬೇಡಿ. ನಿಮ್ಮ ಮನಸ್ಸು ಹೇಳಿದ್ದೇ ಸರಿ.

ಕೆಲವು ವಿಷಯ ಹೇಳಿ. ಮನೆಗೆ ಬಂದು ಎಷ್ಟು ದಿನ ಆಯಿತು? ಕುತ್ತಿಗೆಗೆ ಬೆಲ್ಟ್ ಹಾಕಿದ್ದೀರಾ, ಎದೆಗೂ ಬೆನ್ನಿಗೂ ಸುತ್ತುವ ಹಾರ್ನೆಸ್ ಇದೆಯಾ? ಮನೆಯ ನೆಲ ಟೈಲ್ಸಾ? ಬಾಗಿಲಾಚೆ ವರಾಂಡದಲ್ಲಿ ಚಿಕನ್ ಕೊಟ್ಟರೆ ತಿನ್ನುತ್ತಾಳಾ?

ಬನಶಂಕರಿ ಮೂರನೇ ಮಹಡಿ

ಒಂದು ತಿಂಗಳ ಮೇಲಾಯಿತು ಅಕ್ಕ. ಬೆಲ್ಟ್ ಮಾತ್ರ ಇದೆ. ನೆಲ ನುಣುಪಾದ ಟೈಲ್ಸ್, ನಡೆಯುವಾಗ ಕಾಲು ಜಾರುತ್ತದೆ. ವರಾಂಡದಲ್ಲಿ ಮನೆ ಬಾಗಿಲ ಹತ್ತಿರ ಆದರೆ ತಿನ್ನುತ್ತಾಳೆ. ಲಿಫ್ಟ್ ಹತ್ತಿರ ಹೋದರೆ ಚಿಕನ್ ಮೂಗಿಗೆ ಹಿಡಿದರೂ ಮುಖ ತಿರುಗಿಸುತ್ತಾಳೆ.

ಮೂಡಿಗೆರೆ ತೋಟದಮನೆ

ನನ್ನ ಅಭಿಪ್ರಾಯ ಬೇರೆ, ತಪ್ಪು ತಿಳಿಯಬೇಡಿ. ನಾಯಿ ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ. ಹೆದರಿದ್ದಕ್ಕೇ ತಿಂಡಿ ಸಿಗುತ್ತದೆ ಅಂತ ಕಲಿತುಬಿಡುತ್ತದೆ. ನಾಲ್ಕು ಸಲ ಲಿಫ್ಟ್ ಒಳಗೆ ಕರೆದುಕೊಂಡು ಹೋಗಿ ಬನ್ನಿ. ಏನೂ ಆಗುವುದಿಲ್ಲ ಅಂತ ತಾನೇ ತಿಳಿಯುತ್ತದೆ. ತೋಟದಲ್ಲಿ ನಮ್ಮ ನಾಯಿಗಳೆಲ್ಲ ಹೀಗೇ ಕಲಿತದ್ದು.

ಕೆಂಗೇರಿ ಅಕ್ಕ

ತೋಟದಮನೆಯವರೇ, ಈ ಮಾತು ಬಹಳ ಜನ ಹೇಳುತ್ತಾರೆ, ಹಾಗಾಗಿ ಮೊದಲು ಇದಕ್ಕೇ ಉತ್ತರ. ನಾಯಿ ಕುಳಿತುಕೊಳ್ಳುವುದು, ಕೈ ಕೊಡುವುದು ತಾನಾಗಿ ಮಾಡುವ ಕೆಲಸ. ತಿಂಡಿ ಕೊಟ್ಟರೆ ಅದು ಜಾಸ್ತಿ ಆಗುತ್ತದೆ. ಹೆದರಿಕೆ ಹಾಗಲ್ಲ, ಅದು ಬೇಕೆಂದು ಮಾಡುವ ಕೆಲಸವಲ್ಲ. ಗುಡುಗಿಗೆ ಹೆದರಿದ ಮಗುವನ್ನು ಹತ್ತಿರ ಕೂರಿಸಿಕೊಂಡರೆ ಅದು ಇನ್ನಷ್ಟು ಹೆದರುತ್ತದಾ? ರಷ್ಯಾದ ಪಾವ್ಲೋವ್ ನೂರು ವರ್ಷಕ್ಕೂ ಹಿಂದೆ ನಾಯಿಗಳ ಜೊಲ್ಲಿನ ಮೇಲೆ ಮಾಡಿದ ಪ್ರಯೋಗ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಒಂದು ಸದ್ದಿನ ಹಿಂದೆಯೇ ಊಟ ಬಂದರೆ, ಸದ್ದು ಕೇಳಿದ ಕೂಡಲೇ ಬಾಯಲ್ಲಿ ನೀರೂರುತ್ತದೆ. ನಾವು ಮಾಡುವುದೂ ಅಷ್ಟೇ. ಲಿಫ್ಟ್ ಅಂದರೆ ಚಿಕನ್ ಅಂತ ಮಾಡುವುದು.

ತೋಟದ ನಾಯಿಗೂ ಕೆಂಚಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ತೋಟದಲ್ಲಿ ಹೆದರಿದರೆ ಓಡಿಹೋಗಲು ಜಾಗ ಇದೆ. ಓಡಿ, ದೂರ ನಿಂತು ನೋಡಿ, ಮನಸ್ಸಾದರೆ ವಾಪಸ್ ಬರುತ್ತದೆ. ನಿಮ್ಮ ನಾಯಿಗಳು ಕಲಿತದ್ದು ಹಾಗೆ. ಆರು ಅಡಿ ಲಿಫ್ಟ್‌ನಲ್ಲಿ, ಕುತ್ತಿಗೆಯಲ್ಲಿ ಬೆಲ್ಟ್ ಇರುವ ನಾಯಿಗೆ ಆ ದಾರಿ ಇಲ್ಲ. ದಾರಿ ಇಲ್ಲ ಅಂದಾಗ ನಾಯಿ ಮರಗಟ್ಟುತ್ತದೆ, ಇಲ್ಲ ಕಚ್ಚುತ್ತದೆ. ಕೆಂಚಿ ಈಗ ಮರಗಟ್ಟುತ್ತಿದ್ದಾಳೆ. ನೋಡಿದವರು "ಎಷ್ಟು ಪಾಪದ ನಾಯಿ" ಅನ್ನುತ್ತಾರೆ. ಒಳಗೆ ಅದರ ಎದೆ ಡವಗುಟ್ಟುತ್ತಿರುತ್ತದೆ.

ಬನಶಂಕರಿ ಮೇಡಂ, ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತೂ ಇದೇ. ಬೇಡ ಅನ್ನಿಸಿದರೆ ಹಿಂದೆ ಹೋಗಬಹುದು ಅನ್ನುವುದು ಕೆಂಚಿಗೆ ಗೊತ್ತಾಗಬೇಕು. ಅದು ಗೊತ್ತಾದ ನಾಯಿ ತಾನೇ ಮುಂದೆ ಬರುತ್ತದೆ.

ಮಂಚದ ಕೆಳಗಿಂದ ಅವಳನ್ನು ಹೊರಗೆ ಎಳೆಯಲೇಬೇಡಿ. ಆ ಜಾಗ ಅವಳದ್ದು. ಹಾಲ್‌ನಲ್ಲಿ ಇನ್ನೊಂದು ಗೂಡು ಮಾಡಿಕೊಡಿ. ಊಟದ ಮೇಜಿನ ಕೆಳಗೆ ಹಳೆ ಕಂಬಳಿ ಹಾಸಿ, ಮೂರು ಕಡೆ ಸೀರೆ ಇಳಿಬಿಟ್ಟರೆ ಸಾಕು. ಅಲ್ಲಿದ್ದಾಗ ಯಾರೂ ಮುಟ್ಟಬಾರದು, ಮಕ್ಕಳು ಬಗ್ಗಿ ನೋಡಬಾರದು. ಅಲ್ಲಿಂದ ಮನೆಯ ಓಡಾಟ ನೋಡುತ್ತಾ ಕೂರಲಿ. ನುಣುಪು ನೆಲದ ಮೇಲೆ ಗೋಣಿಚೀಲ, ಚಾಪೆ ಹಾಕಿ ದಾರಿ ಮಾಡಿ. ಕಾಲು ಜಾರುವ ನೆಲದ ಮೇಲೆ ಯಾವ ನಾಯಿಗೂ ಧೈರ್ಯ ಬರುವುದಿಲ್ಲ.

ಕುಕ್ಕರ್ ವಿಷಯದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಎಲ್ಲ. ಮೊದಲು ಕೂಗಬೇಕು, ಆಮೇಲೆ ತಿಂಡಿ ಬರಬೇಕು. ಕೂಗುವ ಮೊದಲೇ ಕೊಡುತ್ತಾ ಹೋದರೆ, ಚಿಕನ್ ಕಂಡರೆ ಇನ್ನೇನು ಕೂಗುತ್ತದೆ ಅಂತ ಚಿಕನ್‌ಗೇ ಹೆದರಲು ಶುರು ಮಾಡುತ್ತಾಳೆ. ಅಡುಗೆಮನೆ ಬಾಗಿಲು ಹಾಕಿ, ಕೆಂಚಿ ದೂರದ ಕೋಣೆಯಲ್ಲಿ ಇರುವಾಗ ಶುರು ಮಾಡಿ. ಒಂದು ಕೂಗು, ಕೂಡಲೇ ನಾಲ್ಕೈದು ತುಂಡು. ಮುಂದಿನ ಕೂಗು, ಮತ್ತೆ ತುಂಡು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿ, ಕಡಲೆಕಾಳಿನಷ್ಟು ಗಾತ್ರ. ಮಾಂಸ ಮಾಡದ ಮನೆಯಾದರೆ ಪನೀರ್ ಆಗುತ್ತದೆ.

ಯಜಮಾನರಿಗೆ ಒಂದು ಕೆಲಸ ಹೇಳಿ. ಕೈಯಲ್ಲಿ ತಿಂಡಿ ಹಿಡಿದು "ಬಾ ಬಾ" ಅಂತ ಕರೆಯಬಾರದು. ತಿಂಡಿ ಆಸೆಗೆ ಹತ್ತಿರ ಬಂದ ನಾಯಿ, ತಿಂದು ಮುಗಿದ ಕೂಡಲೇ ತಾನು ಎಲ್ಲಿದ್ದೇನೆ ಅಂತ ನೋಡಿ ಗಾಬರಿ ಬೀಳುತ್ತದೆ. ಅದರ ಬದಲು ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ತುಂಡನ್ನು ಕೆಂಚಿಯ ಬೆನ್ನ ಹಿಂದಕ್ಕೆ ಎಸೆಯಲಿ. ಅವಳು ತಿರುಗಿ ಹೋಗಿ ತಿನ್ನುತ್ತಾಳೆ. ಅಂದರೆ ಅವರಿಂದ ದೂರ ಹೋಗಿದ್ದಕ್ಕೆ ತಿಂಡಿ! ಆಮೇಲೆ ತಾನಾಗಿ ಒಂದು ಹೆಜ್ಜೆ ಮುಂದೆ ಬಂದು ನೋಡುತ್ತಾಳೆ. ಮತ್ತೆ ಹಿಂದಕ್ಕೆ ಎಸೆಯಲಿ. ಹೀಗೆ ಮಾಡುತ್ತಾ ಹೋದರೆ ದೂರ ತಾನೇ ಕಡಿಮೆ ಆಗುತ್ತದೆ.

ಒಂದು ರಟ್ಟಿನ ಡಬ್ಬಕ್ಕೆ ಹಳೆ ಪೇಪರ್ ಉಂಡೆ ಮಾಡಿ ತುಂಬಿ, ಒಳಗೆ ತಿಂಡಿ ಚೆಲ್ಲಿ ಬಿಡಿ. ಮೂಸಿ ಹುಡುಕುವುದು ನಾಯಿಗೆ ದೊಡ್ಡ ಸಮಾಧಾನ. ಪೇಪರ್ ಸರಸರ ಅನ್ನುತ್ತದೆ, ಡಬ್ಬ ಅಲುಗುತ್ತದೆ, ಆದರೂ ತನಗೆ ಬೇಕಾದ್ದು ಸಿಕ್ಕಿತು ಅಂತ ಗೊತ್ತಾಗುತ್ತದೆ. ಸದ್ದಿನ ಹೆದರಿಕೆ ಹೀಗೆ ಸಣ್ಣ ಸಣ್ಣದಾಗಿ ಬಿಡುತ್ತದೆ.

ಲಿಫ್ಟ್ ಬಗ್ಗೆ ನಾಳೆ ಬರೆಯುತ್ತೇನೆ. ಅಲ್ಲಿಯವರೆಗೆ ಹಾರ್ನೆಸ್ ತೆಗೆದುಕೊಳ್ಳಿ.

ಶಿರಸಿ ಪಶುವೈದ್ಯ

ಅಕ್ಕ ಹೇಳಿದ್ದೆಲ್ಲ ಸರಿ. ನನಗೆ ಕಣ್ಣಿಗೆ ಬಿದ್ದದ್ದು ಬೇರೆ. "ಮೆಟ್ಟಿಲು ಹತ್ತುತ್ತಾಳೆ, ಇಳಿಯುವುದಿಲ್ಲ" ಅಂದಿರಿ. ಮುಂಗಾಲಿಗೆ ಗಾಡಿ ತಾಗಿತ್ತು ಅಂತಲೂ ಅಂದಿರಿ. ಇಳಿಯುವಾಗ ಮೈಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತದೆ. ಲಿಫ್ಟ್ ಕೆಳಗೆ ಹೊರಡುವಾಗ, ನಿಲ್ಲುವಾಗ ಕೊಡುವ ಜರ್ಕಿಗೂ ಕಾಲು ಗಟ್ಟಿ ಊರಬೇಕು. ಇದರಲ್ಲಿ ನೋವಿನ ಪಾಲು ಎಷ್ಟು ಅಂತ ಮೊದಲು ತಿಳಿಯಬೇಕು. ಮೂಳೆ ಕೂಡಿದ್ದರೂ ಭುಜ, ಮೊಣಕೈ ಗಂಟಿನಲ್ಲಿ ನೋವು ಉಳಿದಿರುವ ನಾಯಿಗಳನ್ನು ಬಹಳ ನೋಡಿದ್ದೇನೆ. ನಾಯಿ ಕುಂಟದೇ ಇರಬಹುದು. ನೋವು ಇರುವ ನಾಯಿ ಸದ್ದಿಗೂ ಜಾಸ್ತಿ ಬೆಚ್ಚುತ್ತದೆ, ಯಾಕೆಂದರೆ ಬೆಚ್ಚಿ ಮೈ ಬಿಗಿ ಮಾಡಿದಾಗಲೆಲ್ಲ ನೋಯುತ್ತದೆ.

ಹತ್ತಿರದ ವೈದ್ಯರಿಗೆ ತೋರಿಸಿ, ಗಂಟುಗಳನ್ನು ಮಡಚಿ ನೋಡಲು ಹೇಳಿ, ಬೇಕಾದರೆ ಎಕ್ಸ್‌ರೇ. ಕಿವಿ ಒಳಗೂ ನೋಡಲಿ. ಬೀದಿಯಿಂದ ಬಂದದ್ದು ಅಂದ ಮೇಲೆ ಉಣ್ಣೆ ಜ್ವರಕ್ಕೆ (ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳದಿಂದ ಬರುವುದು) ರಕ್ತ ಪರೀಕ್ಷೆಯೂ ಆಗಲಿ. ಮೈ ಸುಸ್ತಾದ ನಾಯಿ ಮೂಲೆ ಹಿಡಿಯುತ್ತದೆ. ನೋವಿಗೆ ಮನುಷ್ಯರ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ.

ಒಂದು ಸಲಹೆ: ಕ್ಲಿನಿಕ್‌ಗೆ ಹೋಗುವ ಮೊದಲು ಫೋನ್ ಮಾಡಿ, ಬೇರೆ ನಾಯಿಗಳು ಇಲ್ಲದ ಹೊತ್ತು ಕೇಳಿ. ಕರೆಯುವವರೆಗೆ ಆಟೋದಲ್ಲೇ ಕೂತಿರಿ.

ಮುಧೋಳ ಸೀಮೆ

ನಮ್ಮ ಕಡೆಯ ಮಾತು ಒಂದು ಸೇರಿಸ್ತೀನ್ರಿ. ನಾವು ಮುಧೋಳ ನಾಯಿ ಸಾಕುವವರು. ಅಂಚೆ ಇಲಾಖೆ 2005ರಲ್ಲಿ ಇದರ ಸ್ಟ್ಯಾಂಪ್ ತಂದಿತ್ತು, ನಮ್ಮ ತಾಲೂಕಿನ ತಿಮ್ಮಾಪುರದಲ್ಲಿ ಇದಕ್ಕೇ ಸಂಶೋಧನಾ ಕೇಂದ್ರವೂ ಇದೆ. ಮೊಲದ ಹಿಂದೆ ಬಿಟ್ಟರೆ ಈ ನಾಯಿಗೆ ಹೆದರಿಕೆ ಅನ್ನುವುದೇ ಗೊತ್ತಿಲ್ಲ. ಅದೇ ನಾಯಿ, ಗುರುತಿಲ್ಲದವರು ತಲೆ ಸವರಲು ಕೈ ಚಾಚಿದರೆ ಮೈ ಹಿಂದಕ್ಕೆ ಎಳೆದುಕೊಳ್ಳುತ್ತದೆ. ತಳಿಯ ಗುಣವೇ ಹಾಗೆ. ಬೆಂಗಳೂರಿನವರು ಮರಿ ಒಯ್ದು, ಬಾಲ್ಕನಿಯಲ್ಲಿ ಕಟ್ಟಿ, "ನಾಯಿ ಪುಕ್ಕಲು" ಅಂತ ಫೋನ್ ಮಾಡುತ್ತಾರೆ.

ನಾನು ಅವರಿಗೆ ಹೇಳುವುದು ಎರಡು. ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ತಲೆಯ ಮೇಲಿಂದ ಕೈ ತರಬೇಡಿ. ಅದೇ ಬಂದು ಮೂಸಿದರೆ ಗದ್ದದ ಕೆಳಗೆ ಒಂದೆರಡು ಸಲ ಕೆರೆದು ಕೈ ತೆಗೆಯಿರಿ. ಮತ್ತೆ ಮೂತಿ ಒತ್ತಿದರೆ ಇನ್ನೂ ಬೇಕು ಅಂತ. ಮುಖ ತಿರುಗಿಸಿದರೆ ಸಾಕು ಅಂತ.

ಇನ್ನೊಂದು, ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಬೆಲ್ಟಿನಿಂದ ತಲೆ ಬಿಡಿಸಿಕೊಂಡು ಓಡುತ್ತದೆ. ನಮ್ಮ ಮುಧೋಳದ ಸಣ್ಣ ತಲೆಗಂತೂ ಒಂದು ಕ್ಷಣ ಸಾಕು. ಹಾರ್ನೆಸ್ ಹಾಕಿದರೂ ಅದಕ್ಕೂ ಬೆಲ್ಟಿಗೂ ಎರಡು ಕಡೆ ಕೊಂಡಿ ಇರಲಿ. ಬೆಲ್ಟಿನ ಮೇಲೆ ಫೋನ್ ನಂಬರ್ ಬರೆಸಿ.

ಜಯನಗರ ಹೊಸಬ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಒಂಬತ್ತು ವಾರದ ಮರಿ ಇದೆ. ಇಂಜೆಕ್ಷನ್ ಎಲ್ಲ ಮುಗಿಯುವವರೆಗೆ ಹೊರಗೆ ತರಬೇಡಿ ಅಂದಿದ್ದಾರೆ. ಅಷ್ಟರಲ್ಲಿ ಹೆದರುಪುಕ್ಕಲು ಆಗಿಬಿಡುತ್ತದಾ?

ಶಿರಸಿ ಪಶುವೈದ್ಯ

ನೆಲಕ್ಕೆ ಬಿಡಬೇಡಿ, ಮರಿಗಳ ಜೀವಕ್ಕೇ ಅಪಾಯವಾದ ಪಾರ್ವೊ ವೈರಸ್ ಭಯ ಇದೆ. ಆದರೆ ಎತ್ತಿಕೊಂಡು ಹೊರಗೆ ಹೋಗಿ. ಮೂರರಿಂದ ಸುಮಾರು ಹದಿನಾಲ್ಕು ವಾರದವರೆಗೆ ಮರಿ ಏನು ನೋಡುತ್ತದೋ, ಏನು ಕೇಳುತ್ತದೋ ಅದನ್ನೆಲ್ಲ ಸಹಜ ಅಂತ ಒಪ್ಪಿಕೊಳ್ಳುತ್ತದೆ. ಆಮೇಲೆ ಆ ಸಲೀಸು ಕಡಿಮೆ ಆಗುತ್ತದೆ. ಹೆಗಲ ಮೇಲೆ ಹಾಕಿಕೊಂಡು ಬಸ್‌ಸ್ಟಾಪು, ಹೂವಿನ ಅಂಗಡಿ, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ತಾತ ಎಲ್ಲ ತೋರಿಸಿ. ಮರಿ ಬೆದರಿದರೆ ಹಿಂದೆ ಬನ್ನಿ.

ಕೆಂಗೇರಿ ಅಕ್ಕ

ಈಗ ಲಿಫ್ಟ್. ಡಾಕ್ಟ್ರು ಹೇಳಿದ ಹಾಗೆ ಕಾಲು ತೋರಿಸಿದ ಮೇಲೆ ಶುರು ಮಾಡಿ.

ಲಿಫ್ಟ್‌ನಿಂದ ಎಷ್ಟು ದೂರದಲ್ಲಿ ಕೆಂಚಿ ಇನ್ನೂ ಚಿಕನ್ ತಿನ್ನುತ್ತಾಳೆ ಅಂತ ಮೊದಲು ನೋಡಿಕೊಳ್ಳಿ. ನಿಮ್ಮ ಪಾಠ ಆ ಜಾಗದಲ್ಲಿ. ಅಲ್ಲಿಂದ ಒಂದು ಹೆಜ್ಜೆ ಮುಂದಲ್ಲ. ತಿನ್ನುವುದು ಬಿಟ್ಟ ನಾಯಿ ಕಲಿಯುವುದನ್ನೂ ಬಿಟ್ಟಿರುತ್ತದೆ. ಅದಕ್ಕೂ ಮೊದಲೇ ಬರುವ ಸೂಚನೆಗಳು ಇವೆ. ತಿಂಡಿ ಇಲ್ಲದೆಯೂ ನಾಲಿಗೆ ಚಾಚಿ ಮೂಗು ನೆಕ್ಕುತ್ತಾಳೆ. ನಿದ್ದೆ ಬರದೆ ಆಕಳಿಸುತ್ತಾಳೆ. ತಲೆ ಅತ್ತ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಇತ್ತ ನೋಡುತ್ತಾಳೆ. ಒಂದು ಮುಂಗಾಲು ಎತ್ತಿ ನಿಲ್ಲುತ್ತಾಳೆ. ಕಿವಿ ತಲೆಗೆ ಅಂಟುತ್ತದೆ. ತುಂಡನ್ನು ಮೆಲ್ಲಗೆ ತೆಗೆದುಕೊಳ್ಳುತ್ತಿದ್ದವಳು ಕೈ ಕಚ್ಚುವ ಹಾಗೆ ಕಸಿದರೆ ಅದೂ ಸೂಚನೆಯೇ. ಕಂಡ ಕೂಡಲೇ ಇನ್ನೂ ಹಿಂದೆ ಬನ್ನಿ.

ಮಧ್ಯಾಹ್ನ ಜನ ಓಡಾಡದ ಹೊತ್ತು ಆರಿಸಿ. ಯಜಮಾನರು ಲಿಫ್ಟ್ ಬಾಗಿಲು ತೆರೆಯಲಿ, ನೀವು ದೂರದಿಂದ ಚಿಕನ್ ಕೊಡಿ. ಬಾಗಿಲು ಮುಚ್ಚಿದರೆ ಚಿಕನ್ ನಿಲ್ಲಲಿ. ಬಾಗಿಲ ಸದ್ದಿಗೆ ಅವಳು ನಿಮ್ಮ ಮುಖ ನೋಡಲು ಶುರು ಮಾಡಿದರೆ ವಿಷಯ ಹತ್ತಿತು ಅಂತ ಅರ್ಥ. ಆಮೇಲೆ ಒಂದೊಂದು ಹೆಜ್ಜೆ ಹತ್ತಿರ. ಲಿಫ್ಟ್ ಒಳಗೆ ಒಂದು ಗೋಣಿಚೀಲ ಹಾಸಿ, ಮನೆಯಲ್ಲಿ ಅವಳು ಮಲಗುವುದೇ ಆದರೆ ಒಳ್ಳೆಯದು. ಮುಂಗಾಲು ಒಳಗಿಟ್ಟರೆ ತಿಂಡಿಯನ್ನು ಹೊರಗೆ ಎಸೆಯಿರಿ, ವಾಪಸ್ ಬರಲಿ. ಒಳಗೆ ಹೋಗಿ ಹೊರಗೆ ಬರುವುದು ಆಟ ಆಗುವವರೆಗೆ ಬಾಗಿಲು ಮುಚ್ಚಬೇಡಿ. ಆಮೇಲೆ ಒಂದೇ ಮಹಡಿ, ಮೇಲಕ್ಕೆ.

ನಡೆಯುವಾಗ "ಒಂದು, ಎರಡು, ಮೂರು" ಅಂತ ಎಣಿಸಿ, ಮೂರಕ್ಕೆ ಒಂದು ತುಂಡು ಕೊಡಿ. ಮನೆಯಲ್ಲೇ ಇದನ್ನು ಚೆನ್ನಾಗಿ ಕಲಿಸಿ. ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದರೆ ಹೆದರುವ ನಾಯಿಗೆ ಅರ್ಧ ಭಾರ ಇಳಿಯುತ್ತದೆ. ಹೊರಗೆ ಸ್ಕೂಟರ್, ಕಸದ ಗಾಡಿ ಬಂದಾಗ ಅದೇ ಎಣಿಕೆ ಕೈ ಹಿಡಿಯುತ್ತದೆ.

ಒಂದು ದಿನ ಗಾಬರಿ ಆಗಿದ್ದರೆ ಮರುದಿನ ಪಾಠ ಬೇಡ. ಬೆಳಿಗ್ಗೆ ಪಟಾಕಿ, ಮಧ್ಯಾಹ್ನ ಕೊರಿಯರ್‌ನವನ ಬೆಲ್, ಸಂಜೆ ಲಿಫ್ಟ್ ಅಂತ ಒಂದರ ಮೇಲೊಂದು ಕೂಡಿದರೆ, ನಿನ್ನೆ ಆಗಿದ್ದು ಇವತ್ತು ಆಗುವುದಿಲ್ಲ.

ಅಂದ ಹಾಗೆ, ನಾಯಿಯನ್ನು ಲಿಫ್ಟ್‌ಗೆ ಹತ್ತಿಸಬೇಡಿ ಅಂತ ಅಸೋಸಿಯೇಷನ್‌ನವರು ಹೇಳುವಂತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ. ಯಾರಾದರೂ ತಗಾದೆ ತೆಗೆದರೆ ಅದನ್ನು ತೋರಿಸಿ.

ಬನಶಂಕರಿ ಮೂರನೇ ಮಹಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಹೇಳಿದ್ದು ನಿಜವಾಯಿತು. ಎಡ ಮೊಣಕೈ ಮಡಚಿದಾಗ ಕೆಂಚಿ ಉಸಿರು ಬಿಗಿ ಹಿಡಿದಳು. ಎಕ್ಸ್‌ರೇಯಲ್ಲಿ ಗಂಟು ಸವೆದದ್ದು ಕಾಣಿಸಿತು. ನೋವಿಗೆ ಔಷಧಿ ಶುರುವಾಗಿದೆ. ಉಣ್ಣೆ ಜ್ವರ ಇಲ್ಲ.

ನೋವು ಇಳಿದ ಮೇಲೆ ನಡೆಯುವ ರೀತಿಯೇ ಬೇರೆ. ಗೋಣಿಚೀಲದ ದಾರಿಯಲ್ಲಿ ಅಡುಗೆಮನೆ ಹೊಸ್ತಿಲವರೆಗೆ ಬರುತ್ತಾಳೆ. ನಿನ್ನೆ ಕುಕ್ಕರ್ ಕೂಗಿದಾಗ ಕಿವಿ ಒಂದು ಸಲ ಹಿಂದೆ ಹೋಯಿತು, ಆಮೇಲೆ ನನ್ನ ಕೈ ಕಡೆ ನೋಡಿದಳು. ಚಿಕನ್ ತಡ ಆಯಿತು ಅಂತ ಮೂತಿಯಿಂದ ನನ್ನ ಮಣಿಕಟ್ಟು ತಳ್ಳಿದಳು! ತಣ್ಣಗೆ, ಒದ್ದೆಯಾದ ಮೂಗು. ಅತ್ತೆ ಪಕ್ಕದಲ್ಲೇ ಇದ್ದರು. ಅವತ್ತಿನಿಂದ ಅವರೇ ಕೋಳಿ ಬೇಯಿಸಿ ಸಣ್ಣ ಸಣ್ಣ ತುಂಡು ಮಾಡಿ ಡಬ್ಬಿಯಲ್ಲಿ ಇಡುತ್ತಿದ್ದಾರೆ.

ಲಿಫ್ಟ್‌ಗೆ ಮುಂಗಾಲು ಇಡುತ್ತಾಳೆ, ಹಿಂಗಾಲು ಇನ್ನೂ ಹೊರಗೇ. ಯಜಮಾನರ ಕೈಯಿಂದ ತಿನ್ನುವುದಿಲ್ಲ, ಆದರೆ ಅವರು ಟಿವಿ ನೋಡುವಾಗ ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿ ಮಲಗುತ್ತಾಳೆ. ಈಗ ಹಬ್ಬದ್ದೇ ಚಿಂತೆ.

ಕೆಂಗೇರಿ ಅಕ್ಕ

ಓದಿ ಕಣ್ಣು ತುಂಬಿತು. ಹಿಂಗಾಲು ಬರುತ್ತದೆ, ಅವಸರ ಬೇಡ.

ಹಬ್ಬದ ದಿನಗಳಲ್ಲಿ ಪಾಠ ಪೂರ್ತಿ ನಿಲ್ಲಿಸಿ. ಆ ದಿನಗಳನ್ನು ದಾಟಿಸಿದರೆ ಸಾಕು. ಪೆಂಡಾಲ್‌ನವರ ಹತ್ತಿರ ಹೋಗಿ ಗಣಪತಿ ಬಿಡುವ ದಿನ, ಮೆರವಣಿಗೆ ದಾರಿ, ಹೊತ್ತು ಕೇಳಿಕೊಳ್ಳಿ. ಅವತ್ತಿನ ವಾಕಿಂಗ್ ಬಿಸಿಲು ಇಳಿಯುವ ಮೊದಲೇ ಮುಗಿಸಿ, ಊಟವೂ ಬೇಗ. ರಸ್ತೆ ಕಡೆಗಿಲ್ಲದ ಕೋಣೆ ಆರಿಸಿ, ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ಟಿವಿ ಹಾಕಿ. ಬಾಗಿಲ ಸಂದಿಗೆ ಚಾದರ ಒತ್ತಿ. ನೀವು ಜೊತೆಗಿರಿ. ಮೈಗೆ ಒತ್ತಿಕೊಂಡು ಕೂತರೆ ಕೂರಲಿ, ಬಚ್ಚಿಟ್ಟುಕೊಂಡರೆ ಬಿಟ್ಟುಬಿಡಿ.

ಪಟಾಕಿ ಸದ್ದನ್ನು ಮೊಬೈಲ್‌ನಲ್ಲಿ ಸಣ್ಣಗೆ ಹಾಕಿ ಅಭ್ಯಾಸ ಮಾಡಿಸುವುದು ದೀಪಾವಳಿ ಮುಗಿದ ಮೇಲೆ, ಊರು ಸುಮ್ಮನಾದಾಗ ಶುರು ಮಾಡುವ ಕೆಲಸ. ಅದರಲ್ಲೂ ಮೊಬೈಲ್ ಸಾಲದು. ಬಾಂಬಿನ ಧಡ್ ಅನ್ನುವ ದಪ್ಪ ಸದ್ದು ಅದರಲ್ಲಿ ಬರುವುದೇ ಇಲ್ಲ, ದೊಡ್ಡ ಸ್ಪೀಕರ್ ಬೇಕು. ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದರೂ, ನಮ್ಮ ಏರಿಯಾದಲ್ಲಿ ಬೆಳಗಿನ ಜಾವವೇ ಶುರು. ಹಾಗಾಗಿ ಗಡಿಯಾರ ನಂಬಬೇಡಿ.

ಶಿರಸಿ ಪಶುವೈದ್ಯ

ಇಷ್ಟು ಹೆದರುವ ನಾಯಿಗೆ ಹಬ್ಬಕ್ಕೆ ಔಷಧಿ ಕೊಡುವುದರಲ್ಲಿ ಏನೂ ತಪ್ಪಿಲ್ಲ. ಹೆದರಿಕೆ ಇಳಿಸುವ ಟ್ರಾಜೋಡೋನ್, ಗಾಬಾಪೆಂಟಿನ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ತೂಕ, ಈಗ ನಡೆಯುತ್ತಿರುವ ನೋವಿನ ಔಷಧಿ ಎರಡನ್ನೂ ನೋಡಿ ಅವರು ಡೋಸ್ ಹೇಳುತ್ತಾರೆ. ಹಬ್ಬಕ್ಕೆ ಮೊದಲೇ ಒಂದು ಸದ್ದಿಲ್ಲದ ದಿನ ಕೊಟ್ಟು ಹೇಗಿರುತ್ತಾಳೆ ಅಂತ ನೋಡಿ. ಹಬ್ಬದ ದಿನ ಪಟಾಕಿ ಶುರುವಾಗುವ ಮೊದಲೇ ಕೊಡಬೇಕು. ಹೆದರಿದ ಮೇಲೆ ಕೊಟ್ಟರೆ ಉಪಯೋಗ ಕಡಿಮೆ.

ಮಂಪರು ತರಿಸುವ ಅಸೆಪ್ರೊಮಜಿನ್ ಒಂದನ್ನೇ ಕೊಡುವ ರೂಢಿ ಕೆಲವು ಕಡೆ ಇನ್ನೂ ಇದೆ. ನನಗೆ ಅದು ಒಪ್ಪಿಗೆ ಇಲ್ಲ. ಮೈ ಅಲ್ಲಾಡದಂತೆ ಆಗುತ್ತದೆ, ಒಳಗಿನ ಹೆದರಿಕೆ ಹಾಗೇ ಇರುತ್ತದೆ. ಓಡಲೂ ಆಗದೆ ಎಲ್ಲ ಸದ್ದು ಕೇಳುತ್ತಾ ಬಿದ್ದಿರುವುದು ನಾಯಿಗೆ ದೊಡ್ಡ ಹಿಂಸೆ.

ಮೂಡಿಗೆರೆ ತೋಟದಮನೆ

ಎಲ್ಲ ಓದಿದೆ. ಒಂದು ಕೇಳಬೇಕಿತ್ತು. ಕಾಫಿಗೆ ಮಂಗ ಬಂದಾಗ, ಆನೆ ಬಂದಾಗ ನಮ್ಮಲ್ಲಿ ಗರ್ನಾಲ್ (ಜೋರು ಸದ್ದಿನ ಪಟಾಕಿ) ಹೊಡೆಯುತ್ತೇವೆ. ಎರಡು ನಾಯಿಗೆ ಏನೂ ಅನ್ನಿಸುವುದಿಲ್ಲ. ಕರಿಯ ಅನ್ನುವವನು ಮಾತ್ರ ಗರ್ನಾಲ್ ತೆಗೆದ ಕೂಡಲೇ ಕಾಫಿ ಒಣಗಿಸುವ ಕಣದ ಆಚೆ ಓಡಿ, ರಾತ್ರಿವರೆಗೆ ಬರುವುದಿಲ್ಲ. ಮೊದಲು ಹೀಗಿರಲಿಲ್ಲ, ಈಗ ಎಂಟು ವರ್ಷ. ಇವನಿಗೂ ಚಿಕನ್ ಪಾಠ ಆಗುತ್ತದಾ?

ಶಿರಸಿ ಪಶುವೈದ್ಯ

ಆಗುತ್ತದೆ, ಆದರೆ ಎಂಟು ವರ್ಷದಲ್ಲಿ ಹೊಸದಾಗಿ ಬಂದ ಹೆದರಿಕೆ ಅಂದರೆ ಮೊದಲು ಪರೀಕ್ಷೆ. ಸೊಂಟ, ಬೆನ್ನು, ಕಿವಿ ನೋಡಿಸಿ.

ಕೆಂಗೇರಿ ಅಕ್ಕ

ಕರಿಯ ಸದ್ದಾಗುವ ಮೊದಲೇ, ಗರ್ನಾಲ್ ಕಂಡರೇ ಓಡುತ್ತಾನೆ ಅಂದಿರಿ. ಅಂದರೆ ಗರ್ನಾಲಿನ ಡಬ್ಬಿ ನೋಡಿಯೇ ಮುಂದಿನದು ಗೊತ್ತಾಗುತ್ತಿದೆ. ಹೊಡೆಯದ ದಿನಗಳಲ್ಲಿ ಖಾಲಿ ಡಬ್ಬಿ ಹೊರಗೆ ತೆಗೆದು, ಅವನಿಗೆ ಕಾಣಿಸಿ, ಒಂದು ತುಂಡು ಮಾಂಸ ಎಸೆದು ಡಬ್ಬಿ ಒಳಗಿಡಿ. ಮಂಗ ಓಡಿಸುವ ದಿನ ಗರ್ನಾಲ್ ತೆಗೆಯುವ ಮೊದಲು ಅವನನ್ನು ಗೋದಾಮಿನ ಒಳಗೆ ಬಿಟ್ಟು, ಒಂದು ದೊಡ್ಡ ಎಲುಬು ಕೊಟ್ಟು, ರೇಡಿಯೋ ಹಾಕಿ. ಬೇಯಿಸಿದ ಎಲುಬು ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಹಸಿಯದ್ದೇ ಆಗಲಿ. ಗೋದಾಮಿಗೆ ಅವನಾಗಿ ಹೋಗುವ ಅಭ್ಯಾಸ ಮೊದಲು ಆಗಿರಬೇಕು, ಅದಕ್ಕೆ ಇವತ್ತಿನಿಂದಲೇ ಸಂಜೆಯ ಊಟ ಅಲ್ಲೇ ಹಾಕಿ, ಬಾಗಿಲು ತೆರೆದಿಟ್ಟು.